ಶಂಖಕ್ಕೆ ಶ್ರುತಿ, ಗಡಿಯಾರಕ್ಕೆ ತಾಳ

ಎಂಟು ಕಂಠ, ಎರಡು ಹಾರ್ಮೋನಿಯಂ, ಒಂದು ಪಿಟೀಲು, ಬಾನ್ಸುರಿ, ಮದ್ದಳೆ, ಚಂಡೆ, ಜಾಗಟೆ, ಶಂಖ. ರಾಗವಿಲ್ಲ, ತಾಳದ ಆವರ್ತವಿಲ್ಲ, ಒಟ್ಟು 42 ನಿಮಿಷ. ಶಿರಸಿಯಲ್ಲಿ ಇಂಥ ಪ್ರಯೋಗ ಸಂಗೀತದ ಕಛೇರಿ ಕಟ್ಟುವಾಗ ಮೊದಲು ಇತ್ಯರ್ಥವಾಗಬೇಕಾದದ್ದು ಶ್ರುತಿ. ಅದನ್ನು ಶಂಖಕ್ಕೇ ಬಿಟ್ಟೆವು. ಪಿಟೀಲಿನ ತಂತಿ ಬಿಗಿಯಬಹುದು, ಮದ್ದಳೆಯ ಬಾರು ಎಳೆಯಬಹುದು; ಶಂಖ ಮಾತ್ರ ಸುಮ್ಮನೆ ಊದಿದರೆ ತನ್ನ ಸ್ವರ ಬಿಟ್ಟು ಕದಲುವುದಿಲ್ಲ. ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ನೋಡಿದಾಗ ನಮ್ಮ ಶಂಖ ಕಪ್ಪು ಒಂದಕ್ಕಿಂತ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) 20 ಸೆಂಟ್ ಮೇಲಿತ್ತು (ಅದರ ಪಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್). ಪಿಟೀಲು, ಮದ್ದಳೆ, ಕಂಠ ಅಲ್ಲಿಗೆ ಏರಿದವು. ಹಾರ್ಮೋನಿಯಂ ಎಲ್ಲಿಂದ ಏರಬೇಕು? ಅದರ ರೀಡು ಕೆರೆಯದೆ ಸ್ವರ ಬದಲಾಗದು.

ಹಾರ್ಮೋನಿಯಂ 277 ಹರ್ಟ್ಸ್, ಶಂಖ ಸುಮಾರು 280. ಎರಡೂ ಕೂಡಿ ನುಡಿದರೆ ಸೆಕೆಂಡಿಗೆ ಮೂರು ಸಲ ದನಿ ಉಬ್ಬಿ ಇಳಿಯುತ್ತದೆ. ಇದನ್ನು ಮುಚ್ಚಿಡುವ ಬದಲು ಆರಂಭಕ್ಕೇ ಇಟ್ಟುಕೊಂಡೆವು. ಶಂಖದ ಬಾಯೊಳಗೆ ಕೈ ತುಸು ತೂರಿಸಿದರೆ ಸ್ವರ ಇಳಿಯುತ್ತದೆ. ಅಲೆ ನಿಧಾನವಾಗಿ, ಎರಡು ಸ್ವರ ಕೂಡಿದಾಗ ನಿಂತೇ ಹೋಗುತ್ತದೆ. ಒಂದು ಉಸಿರಿಗೆ ಒಂದು ಊದು, ಹೀಗೆ ಆರು. ಆಮೇಲೆ ಒಂದು ನಿಯಮ: ಪಿಟೀಲು ನುಡಿಯುವಾಗ ಹಾರ್ಮೋನಿಯಂ ಸುಮ್ಮನಿರಬೇಕು. ಇಲ್ಲದಿದ್ದರೆ ಅದೇ ಅಲೆ ಬೇಡದ ಜಾಗದಲ್ಲೂ ಬಂದು, ಕೇಳುವವರಿಗೆ ಬರೀ ಅಪಶ್ರುತಿ ಅನಿಸುತ್ತದೆ.

ಸಂಗೀತ ಬರೆದುಕೊಡುವ ಕ್ರಮವನ್ನು ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್ 1987ರಿಂದ 1992ರವರೆಗೆ ಬರೆದ ಸಂಖ್ಯಾ ಹೆಸರಿನ ಕೃತಿಗಳಿಂದ ತೆಗೆದುಕೊಂಡೆವು. ಪ್ರತಿಯೊಬ್ಬರಿಗೂ ಒಂದೊಂದೇ ಹಾಳೆ. ಒಂದು ಸ್ವರದ ಎದುರು ‘2:30ರಿಂದ 3:15ರ ನಡುವೆ ಶುರು, 3:00ರಿಂದ 3:45ರ ನಡುವೆ ಮುಗಿತಾಯ’ ಎಂದಿರುತ್ತದೆ. ಆ ಕಿಂಡಿಯೊಳಗೆ ಯಾವಾಗ ಹೊಗಬೇಕೆಂಬುದು ಹಾಡುವವರ ಇಷ್ಟ. ಮೊದಲ ತಾಲೀಮಿನಲ್ಲಿ ಎಲ್ಲರೂ ಕಿಂಡಿ ತೆರೆದ ಕ್ಷಣವೇ ಒಳನುಗ್ಗುತ್ತಾರೆ, ಮೂವತ್ತು ಸೆಕೆಂಡು ಗದ್ದಲ, ನಂತರ ಖಾಲಿ. ‘ಪಕ್ಕದವರು ಶುರುಮಾಡಿದ್ದರೆ ಐದು ಸೆಕೆಂಡು ತಡೆ’ ಎಂದು ಹಾಳೆಯ ಮೇಲೇ ಬರೆದುಕೊಟ್ಟ ಮೇಲೆ ಸರಿಹೋಯಿತು.

ಗಡಿಯಾರಕ್ಕೆ ಎಲ್ಲರ ಮೊಬೈಲು ನೆಚ್ಚಬಾರದು. ಪರದೆ ಆರುತ್ತದೆ, ಫೋನು ಬರುತ್ತದೆ. ಸಭಿಕರ ಬೆನ್ನ ಹಿಂದಿನ ಗೋಡೆಗೆ ಪ್ರೊಜೆಕ್ಟರಿನಲ್ಲಿ ದೊಡ್ಡ ಸ್ಟಾಪ್‌ವಾಚ್ ಹಾಕಿದೆವು, ಯುಪಿಎಸ್ ಸಹಿತ. ನಮ್ಮ ಕಡೆ ಕರೆಂಟನ್ನು ನಂಬಿ ಯಾರೂ ಕಾರ್ಯಕ್ರಮ ಮಾಡುವುದಿಲ್ಲವಷ್ಟೆ. ಅದರ ಕೆಳಗೆ ಸೆಕೆಂಡಿನ ಮುಳ್ಳಿರುವ ಒಂದು ಗೋಡೆ ಗಡಿಯಾರ. ಶುರುವಾಗುವಾಗ ಎರಡೂ ಸೊನ್ನೆಯಲ್ಲಿರಬೇಕು.

ಗಾಯಕರಲ್ಲಿ ನಾಲ್ವರನ್ನು ಸಭಾಂಗಣದ ಆ ತುದಿಗೆ ನಿಲ್ಲಿಸಿದ್ದೆವು. 18 ಮೀಟರು ದೂರಕ್ಕೆ ಶಬ್ದ ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. ಕೇಳಿಸಿಕೊಂಡು ಜೊತೆ ಸೇರಲು ಹೋದರೆ ತಡವಾಗಿಯೇ ಆಗುತ್ತದೆ. ಎಲ್ಲರೂ ಒಟ್ಟಿಗೆ ದನಿ ನಿಲ್ಲಿಸಬೇಕಾದ ಎರಡು ಜಾಗಕ್ಕೆ ಟಾರ್ಚಿನ ಬೆಳಕೇ ಸನ್ನೆ.

ಕಷ್ಟದ್ದು ಅಲುಗದ ಸಪಾಟು ಸ್ವರ. ಹಿಂದುಸ್ತಾನಿ ಕಲಿತ ಕಂಠ ಸ್ವರಕ್ಕೆ ಮೀಂಡಿನಲ್ಲಿ ಜಾರಿ ಬರುತ್ತದೆ, ಯಕ್ಷಗಾನದ ಭಾಗವತಿಕೆಯ ಕಂಠ ಸ್ವರವನ್ನು ಅಲುಗಿಸುತ್ತದೆ. ‘ಅಲುಗಿಸಬೇಡಿ’ ಎಂದರೆ ಸಾಲದು, ಏಕೆಂದರೆ ಅಲುಗುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಟ್ಯೂನರಿನ ಮುಳ್ಳು ನೋಡುತ್ತ 12 ಸೆಕೆಂಡು ‘ಉ’ಕಾರ, ಮುಳ್ಳು ಆಚೀಚೆ ಐದು ಸೆಂಟಿನೊಳಗೆ ನಿಲ್ಲಬೇಕು. ದಿನಕ್ಕೆ ಹತ್ತು ಸಲ, ಎರಡು ವಾರ. ಅದೇ ಸ್ವರದಲ್ಲಿ ಉ, ಒ, ಅ, ಎ, ಇ ಎಂದು ಬಾಯಿಯ ಆಕಾರವನ್ನಷ್ಟೇ ಮೆಲ್ಲಗೆ ಬದಲಿಸಿದರೆ ಅದರೊಳಗೇ ಅಡಗಿರುವ ಮೇಲಿನ ಅನುಸ್ವರಗಳು (ಓವರ್‌ಟೋನ್) ಸಿಳ್ಳೆಯಂತೆ ಒಂದೊಂದಾಗಿ ಕೇಳುತ್ತವೆ.

ಸಾಹಿತ್ಯಕ್ಕೆ ವರ್ಣಮಾಲೆಯೇ ಸಾಕಾಯಿತು. ಕಂಠ್ಯದಿಂದ ಓಷ್ಠ್ಯದವರೆಗೆ ಕ, ಚ, ಟ, ತ, ಪ ವರ್ಗಗಳ ಅಕ್ಷರಗಳು ಪಿಸುಮಾತಿನಲ್ಲಿ, ಎಂಟು ಜನ ಎಂಟು ವೇಗದಲ್ಲಿ. ‘ಫ’, ‘ಭ’ ಬಂದಾಗ ಮೈಕು ಡಬ್ ಎನ್ನುತ್ತದೆ. ಬಾಯಿಯ ನೇರಕ್ಕಿಡದೆ ಕೆನ್ನೆಯ ಕಡೆಯಿಂದ ಒಂದು ಗೇಣು ದೂರದಲ್ಲಿಟ್ಟರೆ ತಪ್ಪುತ್ತದೆ.

ಮದ್ದಳೆಯ ಕೈ ತಾನಾಗಿ ತಾಳ ಹುಡುಕುತ್ತದೆ. ಹೊಡೆತಗಳ ನಡುವಿನ ಅಂತರವನ್ನು ಸೆಕೆಂಡಿನಲ್ಲಿ ಕೊಟ್ಟೆವು: 7, 3, 11, 4, 9. ಇದೇ ಸಾಲು ಎರಡನೇ ಸಲ ಬಂದರೆ ಅದಕ್ಕೂ ಸಮ (ಆವರ್ತದ ಮೊದಲ ಪೆಟ್ಟು) ಹುಟ್ಟಿಕೊಳ್ಳುತ್ತದೆ, ಹಾಗಾಗಿ ಯಾವ ಸಾಲೂ ಮರಳಿ ಬರಕೂಡದು. ಚಂಡೆಗೆ ಕೋಲು ಕೊಡಲಿಲ್ಲ. ಉಗುರಿನಿಂದ ಚರ್ಮದ ಮುಚ್ಚಿಗೆ ಕೆರೆಯುವುದು ಮಾತ್ರ, ಅದೂ ಹೊರಗಿನ ಜಗಲಿಯಲ್ಲಿ.

ಜಾಗಟೆಯನ್ನು ನೀರಿಗಿಳಿಸುವ ಭಾಗದ ಬಗ್ಗೆಯೇ ಹೆಚ್ಚು ಜನ ವಿಚಾರಿಸಿದ್ದು, ಬಿಡಿಸಿ ಬರೆಯುತ್ತೇನೆ. ಆಲೆಮನೆಯ ಚಿಕ್ಕ ಕೊಪ್ಪರಿಗೆ, ಮುಕ್ಕಾಲು ನೀರು. ಹಂಡೆ ಆಗದು, ಬಾಯಿ ಕಿರಿದು. ಜಾಗಟೆಯನ್ನು ಹಗ್ಗದಲ್ಲಿ ಎತ್ತಿ ಹಿಡಿದು ನಡುವಿಗೆ ಹೊಡೆದು, ಅಂಚಿನಿಂದ ನೀರಿಗೆ ಇಳಿಸಬೇಕು. ಮುಳುಗಿದಷ್ಟೂ ನೀರಿನ ಭಾರವನ್ನೂ ಲೋಹವೇ ಅಲುಗಿಸಬೇಕಾಗುವುದರಿಂದ ಸ್ವರ ಕೆಳಗೆ ಜಾರುತ್ತದೆ. ಮೂರು ನಾಲ್ಕು ಸೆಕೆಂಡಿನಲ್ಲಿ ಅರ್ಧ ಮುಳುಗಬೇಕು. ಅವಸರ ಮಾಡಿದರೆ ದನಿ ಸಾಯುತ್ತದೆ, ತಡಮಾಡಿದರೆ ಇಳಿಸುವ ಮೊದಲೇ ಆರಿರುತ್ತದೆ. ಕೊಪ್ಪರಿಗೆಯ ಅಂಚಿಗೆ ತಾಗಿದರಂತೂ ಪಾತ್ರೆ ಬಿದ್ದ ಸದ್ದು. ಅಂಚಿಗೆ ಒದ್ದೆ ಗೋಣಿ ಸುತ್ತಿಡಿ. ಮೈಕಿನ ವಯರು ನೆಲದ ಮೇಲೆ ಬೇಡ, ನೀರು ಚೆಲ್ಲುತ್ತದೆ.

ದಿನ ಗೊತ್ತುಮಾಡುವುದೂ ಸುಲಭವಿಲ್ಲ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಪಿಸುಮಾತು ಕೇಳದು, ಥಂಡಿಗೆ ಮದ್ದಳೆಯ ಮುಚ್ಚಿಗೆ ಸಡಿಲಾಗಿ ಅರ್ಧ ಸ್ವರ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆಯ ಮಾರಿಜಾತ್ರೆಯ ವಾರದಲ್ಲಿ ಊರಿಗೆ ಊರೇ ಧ್ವನಿವರ್ಧಕ. ಡಿಸೆಂಬರ್ ಚೆನ್ನ, ಆದರೆ ಆಗ ಅಡಿಕೆಯ ಕೊನೆಕೊಯ್ಲು. ಸಂಜೆಯಾದರೆ ಹಾಡುವವರೂ ಕೇಳುವವರೂ ಅಡಿಕೆ ಸುಲಿಯಲು ಕೂತಿರುತ್ತಾರೆ. ನಾವು ಆರಿಸಿದ್ದು ಡಿಸೆಂಬರಿನ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ. ತಾಲೀಮು ಬೆಳಿಗ್ಗೆ ಆರಕ್ಕೆ.

ಎರವಲು ತಂದ ಜಾಗಟೆಯನ್ನು ನೀರಿನಿಂದ ತೆಗೆದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ರಾತ್ರಿ ಹಾಗೇ ಬಿಟ್ಟರೆ ಕಲೆ ಕೂರುತ್ತದೆ, ದೇವಸ್ಥಾನಕ್ಕೆ ಮರಳಿಸುವ ಮುಂಚೆ ಹುಣಸೆಹಣ್ಣು ಹಾಕಿ ಉಜ್ಜುತ್ತ ಕೂರಬೇಕಾಗುತ್ತದೆ.