ಕಲಬುರಗಿ, ಬೀದರ್, ಯಾದಗಿರಿಯಿಂದ ಕಡಿಮೆ ಖರ್ಚಿನಲ್ಲಿ ವಿಯೆಟ್ನಾಂ

ವಿಯೆಟ್ನಾಂನಲ್ಲಿ ಊಟ ಅಗ್ಗ, ಹಾಸಿಗೆ ಅಗ್ಗ, ರೈಲೂ ಅಗ್ಗ. ಹಣ ಸೋರಿಹೋಗುವುದು ತಪ್ಪು ತಿಂಗಳಲ್ಲಿ, ಹೋದ ದಾರಿಯಲ್ಲೇ ವಾಪಸಾಗುವ ಟಿಕೆಟಿನಲ್ಲಿ, ಭಾರದ ಚೀಲದಲ್ಲಿ, ನಕಲಿ ವೀಸಾ ಜಾಲತಾಣದಲ್ಲಿ. ಇವೆಲ್ಲ ಊರು ಬಿಡುವ ಮೊದಲೇ ತೀರ್ಮಾನವಾಗುವ ಸಂಗತಿಗಳು. ಆದ್ದರಿಂದ ಈ ಬರಹದ ಅರ್ಧಕ್ಕಿಂತ ಹೆಚ್ಚು ಭಾಗ ಮನೆಯಲ್ಲಿ ಕೂತು ಮಾಡಬೇಕಾದ ಕೆಲಸದ ಬಗ್ಗೆಯೇ ಇದೆ.

ತಿಂಗಳು ಮತ್ತು ದಿಕ್ಕು

ದೇಶ ಉದ್ದಕ್ಕೆ ಚಾಚಿಕೊಂಡಿದೆ, ಹಾಗಾಗಿ ಎಲ್ಲ ಕಡೆ ಒಂದೇ ಹವೆ ಇರುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಉತ್ತರದಲ್ಲಿ ಚಳಿ. ನಮ್ಮ ಬಿಸಿಲಿಗೆ ಒಗ್ಗಿದವರಿಗೆ ಆಗ ಸಾಪಾ ಬೆಟ್ಟದಲ್ಲಿ ದಪ್ಪ ಸ್ವೆಟರ್ ಬೇಕೇ ಬೇಕು. ಹುಯೆ, ದಾ ನಾಂಗ್, ಹೊಯ್ ಆನ್ ಇರುವ ನಡುಭಾಗಕ್ಕೆ ಅಕ್ಟೋಬರ್, ನವೆಂಬರಿನಲ್ಲಿ ನೆರೆ ಬರುತ್ತದೆ. ದಕ್ಷಿಣದಲ್ಲಿ ಮೇನಿಂದ ಅಕ್ಟೋಬರ್‌ವರೆಗೆ ಮಳೆ. ಮೂರೂ ಭಾಗ ಒಟ್ಟಿಗೆ ಹದವಾಗಿರುವುದು ಮಾರ್ಚ್ ಮತ್ತು ಏಪ್ರಿಲ್. ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುವ ‘ತೆತ್’ ಹೊಸವರ್ಷದ ವಾರವನ್ನು ಬಿಟ್ಟುಬಿಡಿ. ಆಗ ಇಡೀ ದೇಶ ತನ್ನ ಊರಿಗೆ ಹೊರಡುತ್ತದೆ, ರೈಲು ಸಿಗುವುದಿಲ್ಲ, ಬಸ್ ದರ ಏರುತ್ತದೆ, ಸಣ್ಣ ಹೋಟೆಲುಗಳು ಬಾಗಿಲು ಹಾಕುತ್ತವೆ.

ಹನೋಯಿಗೆ ಇಳಿದು ಹೊ ಚಿ ಮಿನ್ ನಗರದಿಂದ ವಾಪಸು ಹಾರಿ. ಅಗ್ಗದ ವಿಮಾನ ಕಂಪನಿಗಳಲ್ಲಿ ಹೋಗುವ ಟಿಕೆಟಿಗೂ ಬರುವ ಟಿಕೆಟಿಗೂ ಬೇರೆ ಬೇರೆ ದರವಿರುವುದರಿಂದ ಇದರಲ್ಲಿ ನಷ್ಟವೇನಿಲ್ಲ. ಒಂದೇ ಊರಿಗೆ ಹೋಗಿಬರುವ ಟಿಕೆಟ್ ತೆಗೆದರೆ 1,700 ಕಿಲೋಮೀಟರ್ ಹಿಂದಕ್ಕೆ ಬರಬೇಕು. ಅದಕ್ಕೆ ಎರಡು ದಿನ ರೈಲಿನಲ್ಲಿ ಕಳೆಯಬೇಕು, ಇಲ್ಲವೇ ಇನ್ನೊಂದು ವಿಮಾನಕ್ಕೆ ದುಡ್ಡು ಕೊಡಬೇಕು.

ನಮ್ಮ ಭಾಗಕ್ಕೆ ಹೈದರಾಬಾದೇ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಬೀದರಿನಿಂದ ಸುಮಾರು 140, ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್. ಯಾದಗಿರಿಯವರು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೂ ಹೋಗಬಹುದು, ಎರಡೂ ಕಡೆಯ ದರ ಹೋಲಿಸಿ ನೋಡಿ. ಹೈದರಾಬಾದಿಗೆ ಬಸ್ಸಿನಲ್ಲಿ ಹೋದರೆ ಇಳಿಯುವುದು ಇಮ್ಲಿಬನ್ ನಿಲ್ದಾಣದಲ್ಲಿ. ವಿಮಾನ ನಿಲ್ದಾಣವಿರುವ ಶಂಷಾಬಾದ್ ಅಲ್ಲಿಂದ ಇನ್ನೂ ದೂರ. ವಿಮಾನ ಹೊರಡುವ ಆರು ತಾಸು ಮೊದಲು ನಗರ ಮುಟ್ಟುವ ಬಸ್ ಹಿಡಿಯಿರಿ. ಕೌಲಾಲಂಪುರ ಅಥವಾ ಬ್ಯಾಂಕಾಕ್ ಮೂಲಕ ಹೋಗುವವರು ಎರಡೂ ಹಾರಾಟವನ್ನು ಒಂದೇ ಬುಕಿಂಗಿನಲ್ಲಿ ತೆಗೆಯಿರಿ. ಬೇರೆ ಬೇರೆ ತೆಗೆದು ಮೊದಲನೆಯದು ತಡವಾದರೆ ಎರಡನೆಯದರ ಹಣ ಹೋದಂತೆಯೇ.

ವೀಸಾ

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್ 15ರಿಂದ ಅದರ ಅವಧಿ 90 ದಿನಗಳವರೆಗೆ ಇದೆ. ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಗೆ 50 ಡಾಲರ್. ಸರ್ಕಾರಿ ಜಾಲತಾಣದ ವಿಳಾಸ ‘ಗವ್ ಡಾಟ್ ವಿಎನ್’ ಎಂದೇ ಮುಗಿಯುತ್ತದೆ. ಹುಡುಕಿದಾಗ ಮೇಲೆ ಬರುವ ‘ಡಾಟ್ ಕಾಮ್’ ತಾಣಗಳು ಬಹುತೇಕ ದಲ್ಲಾಳಿಗಳದು, ಅದೇ ಅರ್ಜಿಗೆ ಎರಡು ಮೂರು ಪಟ್ಟು ಕೇಳುತ್ತವೆ.

ಅರ್ಜಿ ಕೆಡುವುದು ಸಾಮಾನ್ಯವಾಗಿ ಹೆಸರಿನಲ್ಲಿ. ನಮ್ಮ ಕಡೆ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಅಪ್ಪನ ಹೆಸರು, ಮನೆತನದ ಹೆಸರು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೆಯೇ ವೀಸಾ ಅರ್ಜಿಯಲ್ಲೂ ಟಿಕೆಟಿನಲ್ಲೂ ತುಂಬಿ. ಒಂದು ಅಕ್ಷರ ತಪ್ಪಿದರೂ ಶಂಷಾಬಾದಿನ ಕೌಂಟರಿನಲ್ಲೇ ತಡೆಯಬಹುದು. ಕಟ್ಟಿದ ಶುಲ್ಕ ವಾಪಸು ಬರುವುದಿಲ್ಲ. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಸರ್‌ನೇಮ್ ಜಾಗವನ್ನು ಖಾಲಿ ಬಿಡಲೇಬೇಡಿ.

ಪಾಸ್‌ಪೋರ್ಟ್ ಪುಟದ ಚಿತ್ರದಲ್ಲಿ ನಾಲ್ಕೂ ಮೂಲೆ ಕಾಣಬೇಕು, ಮೇಲೆ ಬೆಳಕಿನ ಹೊಳಪು ಬೀಳಬಾರದು. ಮುಖದ ಫೋಟೋ ಕನ್ನಡಕವಿಲ್ಲದೆ ಇರಲಿ. ಪ್ರವೇಶದ ದಿನಾಂಕವನ್ನು ವಿಮಾನ ಇಳಿಯುವ ದಿನಕ್ಕಿಂತ ಒಂದು ದಿನ ಮೊದಲೇ ಹಾಕಿ, ಏಕೆಂದರೆ ವೀಸಾ ಶುರುವಾಗುವ ದಿನಕ್ಕೆ ಮುಂಚೆ ಒಳಗೆ ಬಿಡುವುದಿಲ್ಲ. ಮೂರು ಕೆಲಸದ ದಿನ ಎನ್ನುತ್ತಾರೆ, ಆದರೆ ಶನಿವಾರ, ಭಾನುವಾರ, ಅವರ ಹಬ್ಬದ ರಜೆ ಅದರಲ್ಲಿ ಸೇರುವುದಿಲ್ಲ. ಎರಡು ಮೂರು ವಾರ ಮುಂಚೆ ಹಾಕಿ, ಬಂದ ಮೇಲೆ ಎರಡು ಪ್ರತಿ ಪ್ರಿಂಟ್ ತೆಗೆಸಿಕೊಳ್ಳಿ.

ಏಳು ಕಿಲೋದೊಳಗಿನ ಚೀಲ

ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ, ಚೀಲದ ತೂಕವೂ ಅದರಲ್ಲೇ ಸೇರಿ. ಆದ್ದರಿಂದ ಒಂದು ಕಿಲೋಕ್ಕಿಂತ ಹಗುರಾದ 30-35 ಲೀಟರಿನ ಬ್ಯಾಗ್ ಸಾಕು. ಮೂರು ಟೀ ಶರ್ಟ್, ಎರಡು ಪ್ಯಾಂಟ್, ಒಳ ಉಡುಪು ನಾಲ್ಕು ಜೊತೆ, ತೆಳು ಟವೆಲ್, ಮಳೆ ಕೋಟು, ಚಪ್ಪಲಿ, ಮಾತ್ರೆ. ಅಲ್ಲಿ ಬಟ್ಟೆ ಒಗೆದುಕೊಡುವವರು ಕಿಲೋ ಲೆಕ್ಕದಲ್ಲಿ ತಗೊಳ್ಳುತ್ತಾರೆ, ಕಿಲೋಗೆ ನೂರೈವತ್ತು ರೂಪಾಯಿ ದಾಟುವುದು ಅಪರೂಪ. ನಮ್ಮ ಸಣ್ಣ ಎರಡು ಪಿನ್ನಿನ ಚಾರ್ಜರ್ ಅಲ್ಲಿ ನೇರವಾಗಿ ಕೂಡುತ್ತದೆ, ಮೂರು ಪಿನ್ನಿನದು ಕೂಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಖಡಕ್ ರೊಟ್ಟಿಗೂ ಜಾಗ ಮಾಡಿ. ಹತ್ತು ರೊಟ್ಟಿ, 200 ಗ್ರಾಂ ಶೇಂಗಾ ಹಿಂಡಿ ಇದ್ದರೆ ಮೊದಲ ನಾಲ್ಕೈದು ದಿನದ ಚಿಂತೆಯಿಲ್ಲ. ಅಲ್ಲಿಯ ಹವೆಯಲ್ಲಿ ತೇವ ಹೆಚ್ಚು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗಿ ಬೂಸು ಹಿಡಿಯಬಹುದು. ನಾಲ್ಕು ತುಂಡು ಮಾಡಿ ಗಾಳಿಯಾಡದ ಜಿಪ್ ಚೀಲದಲ್ಲಿಡಿ, ಬೇಕಾದಷ್ಟೇ ತೆಗೆದು ಕೂಡಲೇ ಮುಚ್ಚಿ. ಎಣ್ಣೆ ಉಪ್ಪಿನಕಾಯಿಯನ್ನು ದ್ರವ ಎಂದೇ ಲೆಕ್ಕ ಹಾಕುತ್ತಾರೆ, ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿಯನ್ನು ತಪಾಸಣೆಯಲ್ಲಿ ತೆಗೆದುಬಿಡುತ್ತಾರೆ.

ದುಡ್ಡು

ಒಂದು ಲಕ್ಷ ಡಾಂಗ್ ಎಂದರೆ ಸುಮಾರು 350 ರೂಪಾಯಿ. ಕೊನೆಯ ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಹಂಚಿಕೊಳ್ಳುವ ಕೋಣೆಯಲ್ಲಿ ಹಾಸಿಗೆಗೆ ಒಂದೂವರೆಯಿಂದ ಎರಡು ಲಕ್ಷ ಡಾಂಗ್, ಮೂರು ಹೊತ್ತಿನ ಊಟಕ್ಕೆ ಅಷ್ಟೇ, ಊರೂರಿನ ಪ್ರಯಾಣ ಮತ್ತು ಪ್ರವೇಶ ಟಿಕೆಟಿಗೆ ದಿನಕ್ಕೆ ಸರಾಸರಿ ಎರಡೂವರೆ ಲಕ್ಷ. ಅಂದರೆ ವಿಮಾನ, ವೀಸಾ ಬಿಟ್ಟು ದಿನಕ್ಕೆ 2,000ದಿಂದ 2,300 ರೂಪಾಯಿ ಹಿಡಿದುಕೊಳ್ಳಿ.

ರೂಪಾಯಿ ಒಯ್ಯಬೇಡಿ, ಬದಲಾಯಿಸಿದರೆ ದರ ತೀರಾ ಕಡಿಮೆ ಸಿಗುತ್ತದೆ. ಮಡಚದ, ಬರಹವಿಲ್ಲದ ಡಾಲರ್ ನೋಟು ಒಯ್ದು ಬ್ಯಾಂಕಿನಲ್ಲಿ ಬದಲಾಯಿಸಿ. ಕಾರ್ಡಿನಿಂದ ಎಟಿಎಂನಲ್ಲಿ ತೆಗೆಯುವಾಗ ‘ರೂಪಾಯಿ ಲೆಕ್ಕದಲ್ಲಿ ಕತ್ತರಿಸಲೇ’ ಎಂದು ಪರದೆ ಕೇಳಿದರೆ ಬೇಡ ಅನ್ನಿ, ಆ ಯಂತ್ರ ಹಾಕುವ ದರದಲ್ಲಿ ನಿಮಗೆ ನಷ್ಟ. 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ ಬಣ್ಣದವು. ಕತ್ತಲಲ್ಲಿ ಟ್ಯಾಕ್ಸಿಗೆ ಇಪ್ಪತ್ತು ಸಾವಿರ ಅಂತ ಐದು ಲಕ್ಷ ಕೊಡುವವರು ಬಹಳ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ.

ದಾರಿ

ಹನೋಯಿ ವಿಮಾನ ನಿಲ್ದಾಣದಿಂದ 86ನೇ ನಂಬರ್ ಬಸ್ ಊರೊಳಗೆ ರೈಲು ನಿಲ್ದಾಣದವರೆಗೆ ಹೋಗುತ್ತದೆ, 45,000 ಡಾಂಗಿನ ಆಸುಪಾಸು. ಟ್ಯಾಕ್ಸಿಗೆ ಇದರ ಹಲವು ಪಟ್ಟು. ಅಲ್ಲಿಂದ ಮುಂದೆ ನಿನ್ ಬಿನ್, ಹುಯೆ, ದಾ ನಾಂಗ್, ಹೊಯ್ ಆನ್, ಕೊನೆಗೆ ಹೊ ಚಿ ಮಿನ್ ನಗರ. ಹನೋಯಿಯಿಂದ ಹುಯೆಗೆ 688 ಕಿಲೋಮೀಟರ್, ಅದನ್ನು ರಾತ್ರಿ ರೈಲಿನಲ್ಲಿ ಮುಗಿಸಿದರೆ ಒಂದು ರಾತ್ರಿಯ ವಸತಿ ಉಳಿಯುತ್ತದೆ. ಆರು ಬರ್ತಿನ ಕೋಣೆಯಲ್ಲಿ ತೀರಾ ಮೇಲಿನದಕ್ಕೆ ದರ ಕಡಿಮೆ. ಎದ್ದು ಕೂರಲು ಆಗುವುದಿಲ್ಲ, ಮಲಗಲು ತೊಂದರೆಯಿಲ್ಲ. ಹುಯೆಯಿಂದ ದಾ ನಾಂಗಿಗೆ ಮಾತ್ರ ಹಗಲಲ್ಲೇ ಹೋಗಿ, ಎಡಗಡೆ ಕೂತುಕೊಳ್ಳಿ. ರೈಲು ಹಾಯ್ ವಾನ್ ಘಾಟನ್ನು ಸಮುದ್ರದ ಅಂಚಿನಲ್ಲೇ ಸುತ್ತುತ್ತದೆ. ಆ ನೋಟಕ್ಕೆ ಬೇರೆ ಟಿಕೆಟ್ ಇಲ್ಲ.

ಹೊಯ್ ಆನ್‌ನಲ್ಲಿದ್ದಾಗ ಮಿ ಸನ್‌ಗೆ ಒಂದು ಅರ್ಧ ದಿನ ಕೊಡಲೇಬೇಕು. ಚಾಮ್ ಅರಸರು 4ನೇ ಶತಮಾನದಿಂದ 13ನೇ ಶತಮಾನದವರೆಗೆ ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು ಅಲ್ಲಿವೆ, ಲಿಂಗಗಳಿವೆ, ಸಂಸ್ಕೃತ ಶಾಸನಗಳಿವೆ. 1999ರಿಂದ ವಿಶ್ವ ಪರಂಪರೆ ತಾಣ. ಶರಣರ ನಾಡಿನಿಂದ ಹೋದವರು ಅಷ್ಟು ದೂರದಲ್ಲಿ ಅಲ್ಲಿಯ ಶಿವನಾದ ಭದ್ರೇಶ್ವರನ ಹೆಸರು ಕೇಳುವುದು ದೊಡ್ಡ ಮಾತು. ಬಿಸಿಲೇರುವ ಮೊದಲು, ಬೆಳಿಗ್ಗೆ ಆರಕ್ಕೇ ಹೊರಡಿ.

ಬಾಡಿಗೆ ಬೈಕ್ ಎಲ್ಲೆಡೆ ಸಿಗುತ್ತದೆ, ಆದರೆ ಭಾರತ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಂದರೆ ನೀವು ಲೈಸೆನ್ಸ್ ಇಲ್ಲದವರೇ ಆಗುತ್ತೀರಿ. ಅಪಘಾತವಾದರೆ ಪ್ರವಾಸ ವಿಮೆಯೂ ಸಿಗದೇ ಹೋಗಬಹುದು, ಜೊತೆಗೆ ಅಲ್ಲಿ ಗಾಡಿ ಬಲಗಡೆ ಓಡುತ್ತವೆ. 50 ಸಿಸಿಯೊಳಗಿನದಕ್ಕೆ ಲೈಸೆನ್ಸ್ ಬೇಡ. ಊರೊಳಗೆ ‘ಗ್ರ್ಯಾಬ್’ ಆಪ್‌ನ ಬೈಕ್ ಸವಾರಿ ಅಗ್ಗವೂ ಹೌದು, ದರ ಮೊದಲೇ ಕಾಣುತ್ತದೆ.

ಸಸ್ಯಾಹಾರಿಗಳು ‘ಚಾಯ್’ ಎಂಬ ಬೋರ್ಡ್ ನೋಡಿಕೊಂಡು ಹೋಗಿ, ಅದು ಬೌದ್ಧರ ಶಾಕಾಹಾರಿ ಊಟದ ಅಂಗಡಿ. ಅವರ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಮತ್ತು ಹುಣ್ಣಿಮೆಗೆ, ಅನೇಕರು ಮಾಂಸ ಬಿಡುತ್ತಾರೆ. ಅಂದು ಇಂಥ ಊಟ ಇನ್ನೂ ಸುಲಭ. ಬೇರೆ ಹೋಟೆಲಿನಲ್ಲಿ ಮಾಂಸ ಬೇಡ ಅಂದರಷ್ಟೇ ಸಾಲದು. ‘ಫೋ’ ಎಂಬ ನೂಡಲ್ಸ್ ಊಟದ ಸಾರು ಎಲುಬಿನಲ್ಲಿ ಕುದ್ದಿರುತ್ತದೆ, ತರಕಾರಿ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ‘ತೊಯ್ ಆನ್ ಚಾಯ್’ ಅನ್ನಿ, ಇಲ್ಲವೇ ಅವರ ಲಿಪಿಯಲ್ಲಿ ಬರೆಸಿಕೊಂಡು ಫೋನಿನಲ್ಲಿ ತೋರಿಸಿ.

ಡಾಂಗನ್ನು ಭಾರತದಲ್ಲಿ ಬದಲಾಯಿಸುವುದು ಕಷ್ಟ, ಕೊನೆಯ ಎರಡು ದಿನ ಎಣಿಸಿ ತೆಗೆಯಿರಿ. ಹೊ ಚಿ ಮಿನ್ ನಗರದಲ್ಲಿ ಅಂತರರಾಷ್ಟ್ರೀಯ ವಿಮಾನ ಹೊರಡುವುದು ಎರಡನೆಯ ಟರ್ಮಿನಲ್‌ನಿಂದ, ಆಪ್‌ನಲ್ಲಿ ಗಾಡಿ ಕರೆಯುವಾಗ ಅದನ್ನೇ ಹಾಕಿ.