ಪಿಸಿಒಡಿ ಇದ್ದರೂ ಓವ್ಯುಲೇಷನ್ ಲೆಕ್ಕ ಇಟ್ಟದ್ದು: ನನ್ನ ಅನುಭವ

ಪಿಸಿಒಡಿ ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ಹಿಂದುಮುಂದಾಗುವ ತೊಂದರೆ; ಓವ್ಯುಲೇಷನ್ ಅಂದರೆ ಅಂಡ ಬಿಡುಗಡೆ. ಮಗುವಿಗಾಗಿ ಪ್ರಯತ್ನಿಸುವಾಗ ಆ ದಿನ ಯಾವುದು ಅಂತ ಹುಡುಕಿದ್ದು ಹೀಗೆ. ಮುಟ್ಟಿನ ಆ್ಯಪ್‌ಗಳು ಲೆಕ್ಕ ಹಾಕುವುದು ಹಿಂದಿನ ಮುಟ್ಟಿನ ದಿನ ನೋಡಿ. ನನಗೆ ಒಮ್ಮೆ ಒಂದೂವರೆ ತಿಂಗಳಿಗೆ ಆದರೆ ಇನ್ನೊಮ್ಮೆ ಎರಡು ತಿಂಗಳು ದಾಟುತ್ತಿತ್ತು. ಅಂಥವರಿಗೆ 'ಇವತ್ತು ಫರ್ಟೈಲ್ ದಿನ' (ಗರ್ಭ ನಿಲ್ಲಬಹುದಾದ ದಿನ) ಅಂತ ಬರುವ ಗುಲಾಬಿ ಚುಕ್ಕೆ ಸುಮ್ನೆ ಕಣಿ ಹೇಳಿದ ಹಾಗೆ. ದಿನ ಬರೆದಿಡಲು ಮಾತ್ರ ಅದು ಸಾಕು.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಓವ್ಯುಲೇಷನ್ ಸ್ಟ್ರಿಪ್ ನೋಡುವುದು ಮೂತ್ರದಲ್ಲಿನ ಎಲ್‌ಎಚ್ ಅನ್ನುವ ಹಾರ್ಮೋನನ್ನು. ಅಂಡ ಹೊರಬರುವ ಒಂದೆರಡು ದಿನ ಮೊದಲು ಅದು ಏರುತ್ತದೆ. ಪಿಸಿಒಡಿ ಇರುವ ಎಷ್ಟೋ ಜನರಲ್ಲಿ ಅದು ಮೊದಲೇ ಜಾಸ್ತಿ ಇರುತ್ತದೆ, ಹಾಗಾಗಿ ಅಂಡ ಬರುವ ಸೂಚನೆಯಾದ ಎರಡು ದಪ್ಪ ಗೆರೆ ದಿನಗಟ್ಟಲೆ ಕಾಣಬಹುದು. ಕೆಲವು ಸಲ ದೇಹ ಅಂಡ ಬಿಡಲು ತಯಾರಿ ನಡೆಸಿ ಅರ್ಧಕ್ಕೇ ಕೈಬಿಡುವುದೂ ಉಂಟು. ಸ್ಟ್ರಿಪ್ ಒಂದನ್ನೇ ನಂಬಿದರೆ ದುಡ್ಡೂ ದಂಡ, ಮನಸ್ಸಿಗೂ ಕಿರಿಕಿರಿ.

ನನಗೆ ಕೆಲಸಕ್ಕೆ ಬಂದದ್ದು ಬಿಳಿ ಸ್ರಾವ ಮತ್ತು ಥರ್ಮಾಮೀಟರ್, ಎರಡೂ ಸೇರಿ. ಸ್ರಾವ ತಿಳಿಯಾಗಿ, ಜಾರುವಂತಾಗಿ, ಎರಡು ಬೆರಳ ನಡುವೆ ಎಳೆದರೆ ತುಂಡಾಗದೆ ಬಂದರೆ ಸಮಯ ಹತ್ತಿರ ಅಂತ ಅರ್ಥ. ವೀರ್ಯಾಣು ಒಳಗೆ 5 ದಿನದವರೆಗೂ ಬದುಕಬಹುದು, ಅಂಡಕ್ಕೆ ಆಯುಸ್ಸು ಹೆಚ್ಚೆಂದರೆ 24 ಗಂಟೆ. ಹಾಗಾಗಿ ಆ ದಿನಗಳಲ್ಲಿ ದಿನ ಬಿಟ್ಟು ದಿನ ಸೇರಿದರೆ ಸಾಕು, ಗಡಿಯಾರ ನೋಡಿಕೊಂಡು ಕೂರಬೇಕಿಲ್ಲ.

ಥರ್ಮಾಮೀಟರ್ ಹೇಳುವುದು ಆಮೇಲೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್‌ನಿಂದ ಮೈ ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗುತ್ತದೆ. ದಶಮಾಂಶದ ನಂತರ ಎರಡು ಅಂಕಿ ತೋರಿಸುವುದನ್ನೇ ಕೊಂಡೆ. ದಿಂಬಿನ ಕೆಳಗೇ ಇಟ್ಟುಕೊಂಡು, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಎದ್ದು ಕೂರದೆ, ಮಾತೂ ಆಡದೆ ನಾಲಿಗೆ ಅಡಿ ಇಡುತ್ತಿದ್ದೆ. ಅತ್ತೆಗೆ ಮಾತ್ರ ನನಗೆ ದಿನಾ ಜ್ವರ ಅಂತ ಅನುಮಾನ! ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲಿ ಬರೆದರೆ ಬಂದ ನೆಂಟರೆಲ್ಲ ಓದುತ್ತಾರೆ, 'ಏನಾದ್ರೂ ವಿಶೇಷನಾ' ಅಂತ ಕೇಳುವವರಿಗೆ ಅಷ್ಟು ಸಾಕಲ್ವಾ, ಅದಕ್ಕೇ ಬೇರೆ ನೋಟ್‌ಬುಕ್ ಇಟ್ಟೆ.

ನಮ್ಮ ದಾವಣಗೆರೆಯ ಏಪ್ರಿಲ್ ಸೆಕೆ ಗೊತ್ತಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತು ನಿದ್ದೆಗೆಟ್ಟ ರಾತ್ರಿಯ ಮರುದಿನ ಅಂಕಿ ಎಲ್ಲೆಲ್ಲೋ ಹೋಗುತ್ತಿತ್ತು. ಅಂಥ ದಿನಕ್ಕೆ ಸುತ್ತು ಹಾಕಿ ಲೆಕ್ಕದಿಂದ ಬಿಡುತ್ತಿದ್ದೆ. ಒಂದು ದಿನ ಏರಿದರೆ ಅದು ಏನೂ ಅಲ್ಲ, ಹಿಂದಿನ 6 ದಿನಕ್ಕಿಂತ ಮೇಲೆ ಸತತ 3 ದಿನ ನಿಂತರೆ ಮಾತ್ರ ಅಂಡ ಬಿಡುಗಡೆ ಆಗಿದೆ ಅಂತ ಗುರುತು ಹಾಕುತ್ತಿದ್ದೆ.

ನೋಟ್‌ಬುಕ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಡಾಕ್ಟರ್ ಮುಂದೆ. ಅಂಡ ಬಿಡುಗಡೆ ಆಯಿತಾ ಅಂತ ನೋಡಲು ಮುಟ್ಟಾದ 21ನೇ ದಿನದ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಅಂತ ಬರೆಯುತ್ತಾರಲ್ಲ, ಅದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. ತಡವಾಗಿ ಅಂಡ ಬಿಡುವವರಿಗೆ 21ನೇ ದಿನ ಮಾಡಿಸಿದರೆ ಕಡಿಮೆ ಬಂದೇ ಬರುತ್ತದೆ, ಸುಮ್ನೆ ಗಾಬರಿ. ಅಂಡ ಬಿಡುಗಡೆಯಾಗಿ ಸುಮಾರು 7 ದಿನಕ್ಕೆ ಮಾಡಿಸಬೇಕು. ಬರೆದ ಅಂಕಿಗಳನ್ನು ತೋರಿಸಿದ್ದಕ್ಕೆ ಅವರೇ ದಿನ ಬದಲಿಸಿ ಕೊಟ್ಟರು.

ಕೆಲವು ತಿಂಗಳು ಅಂಕಿ ಏರಲೇ ಇಲ್ಲ. ಆಗ ಡಾಕ್ಟರ್ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನ್‌ಗಳನ್ನು ನೋಡಿಸಿ, ಅಂಡ ಬೆಳೆದು ಬಿಡುಗಡೆಯಾಗಲು ಲೆಟ್ರೋಜೋಲ್ ಗುಳಿಗೆ ಶುರು ಮಾಡಿದರು, ಜೊತೆಗೆ ಸ್ಕ್ಯಾನಿಂಗ್. ಗುಳಿಗೆ ಡಾಕ್ಟರ್ ಹೇಳದೆ ತಗೋಬೇಡಿ. ಥರ್ಮಾಮೀಟರ್ ಮಾತ್ರ ನಾನು ಈಗಲೂ ಬಿಟ್ಟಿಲ್ಲ. ಸ್ಕ್ಯಾನ್‌ನಲ್ಲಿ ದೊಡ್ಡದಾಗಿ ಕಂಡ ಫಾಲಿಕಲ್ (ಅಂಡ ಬೆಳೆಯುವ ಪುಟ್ಟ ಚೀಲ) ಒಡೆಯಿತೋ ಇಲ್ಲವೋ ಅನ್ನುವುದಕ್ಕೆ ಮುಂದಿನ ದಿನಗಳ ಅಂಕಿ ಒಂದು ಅಂದಾಜು ಕೊಡುತ್ತದೆ.