ತೋಟದ ಹಳೆಯ ಜೀಪನ್ನು ಮೂಲರೂಪಕ್ಕೆ ತರುವ ಕ್ರಮ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಉಳಿದಿರುವ ಸಿಜೆ-3ಬಿ ಜೀಪನ್ನು ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ತರಬೇಕೆಂದಿರುವವರು, ಬಣ್ಣದ ಯೋಚನೆಯನ್ನು ಬದಿಗಿಟ್ಟು, ಮೊದಲು ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್‌ಸಿಗೆ ತಾಳೆಯಾಗುತ್ತವೆಯೇ ಎಂದು ನೋಡಬೇಕು. ಈ ಮಾದರಿಯ ಬಾನೆಟ್ ಎತ್ತರವಾಗಿರುವುದೇ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿಗಾಗಿ. ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿಯೂ ಇರುವ ಆ ಎಂಜಿನ್ನಿನ ಜಾಗದಲ್ಲಿ ಯಾರಾದರೂ ಡೀಸೆಲ್ ಎಂಜಿನ್ ಕೂರಿಸಿದ್ದರೆ ಖರ್ಚಿನ ಲೆಕ್ಕವೇ ಬೇರೆ.

ಮಲೆನಾಡಿನ ಮಳೆ ಮೊದಲು ತಿನ್ನುವುದು ತಳವನ್ನು. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಠಣ್ಣೆನ್ನದೆ ಮಂದವಾಗಿ ಸದ್ದು ಮಾಡುವ ತಗಡನ್ನು ಪುಟ್ಟಿ ಮೆತ್ತಿ ಮುಚ್ಚದೆ, ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕು. (ನಾನೊಮ್ಮೆ ಪುಟ್ಟಿಯನ್ನು ನಂಬಿದ್ದೆ, ಆಷಾಢಕ್ಕೇ ಉದುರಿತು.) ಮೂಲ ಬಣ್ಣದ ಗುರುತನ್ನು ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲಿ ಹುಡುಕಿ, ಕೊಯ್ಲು ಮುಗಿದ ಮೇಲಿನ ಒಣ ಹವೆಯಲ್ಲಿ ಪೇಂಟ್ ಹೊಡೆಸುವುದು ಲೇಸು.

ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ದೊರೆಯುತ್ತದೆಯಾದರೂ, ಅದರಡಿ ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ.